ನೇಕಾರ ಕಳಿಸಿದ ಲಿಂಕ್

“ಗುರುಗಳೇ, ನನಗೀಗ ಅರವತ್ತು ಜನ ಶಿಷ್ಯರು. ಹೋದ ಹೋದಲ್ಲೆಲ್ಲ ನನ್ನ ಹೆಸರು ಹೇಳುತ್ತಾರೆ. ಕೊಡುವುದನ್ನೆಲ್ಲ ಕೊಟ್ಟಾಯಿತು. ಇನ್ನೂ ನಾನು ದಿನಾ ಬೆಳಿಗ್ಗೆ ತಂಬೂರಿ ಹಿಡಿದು ಸಾಧನೆ ಮಾಡಲೇಬೇಕೆ?” ಎಂದು ಶೇಖರಯ್ಯ ಕೇಳಿದ.

ನಾಗಭೂಷಣ ಗವಾಯಿಗಳಿಗೆ ಸಿಟ್ಟು ಮೂಗಿನ ತುದಿಯಲ್ಲೇ. “ಭಲೆ! ಅರವತ್ತಕ್ಕೇ ಸುಸ್ತಾಯಿತೇ? ಬಾಯಿ ಮುಚ್ಚಿಕೊಂಡು ಕೇಳು,” ಎಂದು ಶುರು ಮಾಡಿದರು.

ಒಬ್ಬ ನೇಕಾರನಿದ್ದ. ಸೀರೆಯ ಒಡಲಿಗೆ ಸೆರಗನ್ನು ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸುವ ಹಳೆಯ ಪಟ್ಟೊಂದು ಅವನೊಬ್ಬನಿಗೇ ಬರುತ್ತಿತ್ತು. ಅವನ ಬೆರಳುಗಳೋ ದಿನೇ ದಿನೇ ಸೆಟೆದುಕೊಳ್ಳುತ್ತಿದ್ದವು. ಅವು ನಿಂತರೆ ಆ ಪಟ್ಟೂ ಅಲ್ಲಿಗೆ ಮುಗಿಯಿತು. ದೂರದ ಊರಿನಲ್ಲಿ ನೇಯುವ ಒಬ್ಬ ಹೆಣ್ಣುಮಗಳು ಕಲಿಯುತ್ತೇನೆ ಎಂದಳು. ಆದರೆ ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಬರುವಂತಿರಲಿಲ್ಲ. ಸರಿ, ನೇಕಾರ ಮೊಬೈಲನ್ನು ಮಗ್ಗಕ್ಕೆ ಕಟ್ಟಿ ಎರಡು ಗಂಟೆಯ ವಿಡಿಯೋ ಮಾಡಿದ.

ಇಮೇಲ್ ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ, ಬಹಳ ದೊಡ್ಡದಂತೆ. ಕುಗ್ಗಿಸಿದ, ಎಳೆಗಳೇ ಕಾಣದಾದವು. ತುಂಡು ಮಾಡಿದ, ಯಾವುದರ ಹಿಂದೆ ಯಾವುದು ಎಂದು ಅವನಿಗೇ ತಿಳಿಯಲಿಲ್ಲ. ಆದರೆ ಹಟ ಬಿಡುವ ಆಸಾಮಿಯಲ್ಲ. ಕಡೆಗೆ ಕಂಪ್ಯೂಟರ್ ಅಂಗಡಿಯವಳು ದಾರಿ ಹೇಳಿದಳು: “ವಿಡಿಯೋವನ್ನು ಆನ್‌ಲೈನ್ ಸಂಗ್ರಹದಲ್ಲಿ ಇಡಿ ಕಾಕಾ. ಇಮೇಲ್‌ನಲ್ಲಿ ಅದರ ಲಿಂಕ್ ಮಾತ್ರ ಕಳಿಸಿ. ಅವರು ಒತ್ತಿದರೆ ಸಾಕು, ನೋಡಬಹುದು.” ನೇಕಾರನ ಊರಿನ ನೆಟ್‌ವರ್ಕ್ ಎಂದರೆ ದೇವರಿಗೇ ಪ್ರೀತಿ. ವಿಡಿಯೋ ಮೂರು ಸಲ ಅರ್ಧಕ್ಕೆ ನಿಂತಿತು, ನಾಲ್ಕನೆಯ ಸಲ ಏರಿತು. ಲಿಂಕ್ ಹೋಯಿತು. ನೇಕಾರನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಸೀರೆ ಕೊಟ್ಟ ದಿನವೇ ಮಗ್ಗ ಖಾಲಿ ಮಾಡುವುದು ಅವನ ಮನೆತನದ ರೂಢಿ. ಮುಗಿದ ಕೆಲಸದ ಒಂದು ಎಳೆಯೂ ಉಳಿಯಬಾರದು. ಅದೇ ರೂಢಿಯಲ್ಲಿ ಅವನು ಸಂಗ್ರಹದಲ್ಲಿದ್ದ ವಿಡಿಯೋವನ್ನೂ ಅಳಿಸಿದ, ಮೊಬೈಲಿನಲ್ಲಿದ್ದುದನ್ನೂ ಅಳಿಸಿದ. ಕಳಿಸಿಯಾಯಿತಲ್ಲ, ಇನ್ನೇಕೆ ಎಂದುಕೊಂಡ.

ಅತ್ತೆಯ ಆರೈಕೆಯ ನಡುವೆ ಅವಳಿಗೆ ಪುರುಸೊತ್ತು ಸಿಕ್ಕಿದ್ದು ಎರಡು ತಿಂಗಳ ಮೇಲೆ. ಫೋನು ಮಾಡಿದಳು. “ಲಿಂಕ್ ಒತ್ತಿದೆ ಕಾಕಾ. ಅಲ್ಲಿ ಏನೂ ಇಲ್ಲ ಅನ್ನುತ್ತಿದೆ.”

“ಇಲ್ಲ ಅಂದರೆ? ಕಳಿಸಿದೆನಲ್ಲವ್ವ!”

“ನೀವು ಕಳಿಸಿದ್ದು ಅದು ಇರುವ ಜಾಗದ ಗುರುತು. ಆ ಜಾಗದಲ್ಲಿ ಅದು ಇರಬೇಕಲ್ಲ ಕಾಕಾ.”

ಅಷ್ಟು ಹೊತ್ತಿಗೆ ನೇಕಾರನ ಬಲಗೈಯ ಎರಡು ಬೆರಳು ಮಡಚುತ್ತಲೇ ಇರಲಿಲ್ಲ. ಹಣೆ ಹಣೆ ಚಚ್ಚಿಕೊಂಡ, ಸುಳ್ಳೇಕೆ ಹೇಳಲಿ. ಆಮೇಲೆ ಎದ್ದು ಮಗ್ಗಕ್ಕೆ ಹೊಸ ಹಾಸುನೂಲು ಏರಿಸಿದ. ಬೆರಳು ಹಿಡಿಯದ ಎಳೆಯನ್ನು ಹಲ್ಲಿನಲ್ಲಿ ಹಿಡಿದ. ಎರಡು ಗಂಟೆಯ ಕೆಲಸಕ್ಕೆ ಆರು ದಿನ ಬೇಕಾಯಿತು. ಮತ್ತೆ ವಿಡಿಯೋ, ಮತ್ತೆ ಅದೇ ಸಂಗ್ರಹ, ಮತ್ತೆ ಲಿಂಕ್. ಈ ಸಲ ಅದನ್ನು ತಾನೂ ಮುಟ್ಟಲಿಲ್ಲ, ಮನೆಯವರನ್ನೂ ಮುಟ್ಟಗೊಡಲಿಲ್ಲ. ಅವಳು ಅದನ್ನು ನೂರು ಸಲ ನೋಡಿದಳು. ಆ ವರ್ಷವೇ ಅವಳ ಮಗ್ಗದಿಂದ ಅಂಥದೊಂದು ಸೀರೆ ಇಳಿಯಿತು.

ಗವಾಯಿಗಳು ಕತೆ ನಿಲ್ಲಿಸಿದರು. ಶೇಖರಯ್ಯ ನಕ್ಕ. “ಅಳಿಸಿದ್ದು ಅವನ ದಡ್ಡತನ ಗುರುಗಳೇ. ನಾನು ಏನನ್ನೂ ಅಳಿಸುತ್ತಿಲ್ಲವಲ್ಲ.”

“ನಿನ್ನ ಶಿಷ್ಯರು ನಿನ್ನ ಹೆಸರು ಹೇಳಿ ಕಳಿಸಿದವನು ಹತ್ತು ವರ್ಷದ ಮೇಲೆ ಬಂದು ಹಾಡು ಎಂದರೆ, ಸಾಧನೆ ಬಿಟ್ಟ ನಿನ್ನೊಳಗೆ ಆಗ ಏನಿರುತ್ತದಯ್ಯ?”