ಚೀಲಕ್ಕೆ ಬಿದ್ದ ಮೊದಲ ಪುಸ್ತಕ

ಊರಿನ ಗ್ರಂಥಾಲಯಕ್ಕೆ ಹೊಸ ಅಧ್ಯಕ್ಷರಾದ ಭದ್ರಪ್ಪನವರು ಬಂದವರೇ ಗುಡುಗಿದರು: "ಸಾಹಿತ್ಯದಲ್ಲಿ ರಾಜಕೀಯ ಬೇಡ. ರಾಜಕೀಯದ ನೆರಳು ಬಿದ್ದ ಪುಸ್ತಕವನ್ನೆಲ್ಲ ಸಂಜೆಯೊಳಗೆ ಚೀಲಕ್ಕೆ ತುಂಬು. ಒಂದು ಉಳಿದರೂ ನಿನ್ನ ಕೆಲಸ ಹೋಯಿತು!"

ಕಪಾಟು ನೋಡಿಕೊಳ್ಳುವ ಸಾಕಮ್ಮ ಚೀಲ ಹಿಡಿದು ಪುಸ್ತಕಗಳ ಮುಂದೆ ನಿಂತಳು. ಯಾವುದನ್ನು ತೆಗೆಯುವುದು, ಯಾವುದನ್ನು ಬಿಡುವುದು? ಮಧ್ಯಾಹ್ನದ ಊಟವನ್ನೂ ಬಿಟ್ಟು ಒಂದೊಂದೇ ಪುಸ್ತಕ ತಿರುವಿ ನೋಡಿದಳು.

ಸಂಜೆ ಭದ್ರಪ್ಪನವರು ಬಂದು ನೋಡಿದರೆ ಚೀಲದಲ್ಲಿ ಒಂದೇ ಪುಸ್ತಕ. ಅದೂ ಅವರದೇ ಕವನ ಸಂಕಲನ!

"ಏನಮ್ಮಾ ಇದು?"

"ಮುನ್ನುಡಿ ಮಂತ್ರಿಗಳದ್ದು, ಬಿಡುಗಡೆ ಮಾಡಿದ್ದು ಶಾಸಕರು. ಅದಕ್ಕೇ ಇದರಿಂದ ಶುರು ಮಾಡಿದೆ ಸ್ವಾಮಿ," ಎಂದಳು ಸಾಕಮ್ಮ.

"ಅವರು ಯಾರಾದರೇನು? ಒಳಗಿನ ಕವಿತೆ ಓದಿ ತೀರ್ಮಾನಿಸಬೇಕು!"

"ಹಾಗೇ ಆಗಲಿ ಸ್ವಾಮಿ. ಮಿಕ್ಕವನ್ನೂ ನೀವೇ ಓದಿ ತೀರ್ಮಾನಿಸಿ. ಅಲ್ಲಿಯವರೆಗೆ ಕಪಾಟಿನಲ್ಲೇ ಇರಲಿ."

ಭದ್ರಪ್ಪನವರು ಹನ್ನೆರಡು ಕಪಾಟುಗಳತ್ತ ಒಮ್ಮೆ ಕಣ್ಣಾಡಿಸಿದರು. ತಮ್ಮ ಪುಸ್ತಕವನ್ನು ತಾವೇ ಕಪಾಟಿನೊಳಗಿಟ್ಟು, ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು.