ಒಣಗಲಿಟ್ಟ ತಾಯಿತ

ನೈಲ್ ನದಿಯ ದಡದಲ್ಲಿ ಪಾಸೆರ್ ಎಂಬ ಗುರುಗಳು ಮಣಿ, ಉಂಗುರ, ತಾಯಿತ ಮಾಡುತ್ತಿದ್ದರು. ಬೆಣಚುಕಲ್ಲಿನ ಪುಡಿಗೆ ಉಪ್ಪು, ತಾಮ್ರದ ಪುಡಿ ಸೇರಿಸಿ ಕಲಸಿದ ಬೂದುಬಣ್ಣದ ಮುದ್ದೆಯಿಂದ ಅವನ್ನು ರೂಪಿಸುತ್ತಿದ್ದರು. ಬೆಂಕಿಯಿಂದ ಹೊರಬಂದರೆ ಫಳಫಳ ನೀಲಿ.

ಶಿಷ್ಯ ಮೆರಿರೆ ಮಾಡಿದ್ದು ಮಾತ್ರ ಅಲ್ಲಲ್ಲಿ ನೀಲಿ ಹೊಳಪಿಲ್ಲದೆ ಬೋಳುಬೋಳಾಗಿ ಬರುತ್ತಿತ್ತು.

ಅವನ ಹೆಂಡತಿಗೆ ದಿನ ತುಂಬಿತ್ತು. ಹಿಂದಿನ ಹೆರಿಗೆಯಲ್ಲಿ ಮಗು ಉಳಿದಿರಲಿಲ್ಲ. ಈ ಸಲ ಗಂಡನ ಕೈಯಾರೆ ಮಾಡಿದ ನೀಲಿ ತಾಯಿತ ಕೊರಳಲ್ಲಿರಬೇಕು ಎಂದು ಅವಳು ಕೇಳಿದ್ದಳು.

ಹೆದರಿದವನಿಗೆ ಅನುಮಾನ ಬರಲು ಎಷ್ಟು ಹೊತ್ತು? ಗುರುಗಳು ಏನೋ ಬಚ್ಚಿಡುತ್ತಿದ್ದಾರೆ ಎಂದು ಮೆರಿರೆಗೆ ಖಾತ್ರಿಯಾಯಿತು. ಒಣಗುವವರೆಗೆ ಮುಟ್ಟಬೇಡ ಅನ್ನುತ್ತಾರಲ್ಲ, ಆ ಹೊತ್ತಿನಲ್ಲೇ ಬಂದು ಏನೋ ಕೈಚಳಕ ಮಾಡುತ್ತಾರೆ!

ಅವನು ಗುರುಗಳ ಮಡಕೆಯಿಂದಲೇ ಮುದ್ದೆ ಕದ್ದ. ತಾಯಿತ ಮಾಡಿ, ಒಣಗಲಿಟ್ಟು, ಪಕ್ಕದಲ್ಲೇ ಕಾವಲು ಕೂತ. ಯಾರಾದರೂ ಬದಲಾಯಿಸಿದರೇನೋ ಎಂದು ಆಗಾಗ ಎತ್ತಿ, ತಿರುಗಿಸಿ ನೋಡಿದ.

ಸುಟ್ಟಾಗ ಅದೂ ಬೋಳು.

ಸಿಟ್ಟು ನೆತ್ತಿಗೇರಿತು. “ಗುರುಗಳೇ, ನಿಮ್ಮ ಮುದ್ದೆಯನ್ನೇ ಕದ್ದು ಮಾಡಿದೆ. ಆದರೂ ಹೀಗೆ! ನನಗೆ ಗೊತ್ತಾಗದ ಹಾಗೆ ಅದಕ್ಕೆ ಏನು ಹಾಕುತ್ತೀರಿ?”

ಗುರುಗಳು ಬೈಯಲಿಲ್ಲ. “ಇನ್ನೊಂದು ಮಾಡು. ಹಾಗೇ ಕಾವಲು ಕೂರು.”

ಮೆರಿರೆ ಮಾಡಿದ, ಕೂತ. ಅರ್ಧ ಒಣಗಿದ್ದೇ ತಡ, ಎತ್ತಿಕೊಂಡ. ಗುರುಗಳು ಅವನ ಕೈ ಹಿಡಿದರು.

“ಬೆರಳು ನೆಕ್ಕು.”

ನೆಕ್ಕಿದ. “ಉಪ್ಪು.”

“ನಾನು ಹಾಕಿದೆನೇ?”

“ಇಲ್ಲ. ತಾಯಿತದ ಮೇಲಿತ್ತು.”

“ಒಣಗುವಾಗ ಒಳಗಿನ ಉಪ್ಪು ತಾನಾಗಿ ಮೇಲೆ ಬರುತ್ತದೆ. ಬೆಂಕಿಯಲ್ಲಿ ಕರಗಿ ನೀಲಿಯಾಗಿ ಹೊಳೆಯುವುದು ಅದೇ. ಅದನ್ನು ನೀನು ಪ್ರತಿ ಸಲವೂ ಮುಟ್ಟಿ ಮುಟ್ಟಿ ಒರೆಸುತ್ತಾ ಬಂದೆ.”

ಮೆರಿರೆಗೆ ನಾಚಿಕೆಯಾಯಿತು. ತಲೆ ಎತ್ತದೆ ಮತ್ತೊಂದು ತಾಯಿತ ಮಾಡಿ ಹಲಗೆಯ ಮೇಲಿಟ್ಟ.

“ಈಗ ಮನೆಗೆ ಹೋಗು. ಹೆಂಡತಿಯ ಹತ್ತಿರ ಇರು.”

ಬಾಗಿಲವರೆಗೆ ಹೋದವನು ನಿಂತ. ತಿರುಗಿ ಹಲಗೆಯತ್ತ ನೋಡಿದ.

“ನೀವು ಇಲ್ಲೇ ಇರುತ್ತೀರಾ?”

“ಇಲ್ಲ. ನಾನೂ ನಿನ್ನ ಜೊತೆ ಬರುತ್ತೇನೆ.”

“ಹಾಗಾದರೆ ಇದನ್ನು ನೋಡಿಕೊಳ್ಳುವವರು ಯಾರು?”

“ಯಾರೂ ಇಲ್ಲ. ಅದಕ್ಕೇ ಈ ಸಲ ನೀಲಿಯಾಗುತ್ತದೆ.”