ನರಿ ತಂದ ಹೊಸ ರಾಗಿ

ಬೆಟ್ಟದ ತಪ್ಪಲಿನ ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಸೇರಿ ರಾಗಿ ಬೆಳೆಯುತ್ತಿದ್ದವು. ಒಂದು ವರ್ಷ ಬೆಳೆಗೆ ಹುಳು ಬಿತ್ತು. ತೆನೆಯೆಲ್ಲ ಜೊಳ್ಳಾಯಿತು. ಮರಿಗಳು ಹಸಿವಿನಿಂದ ಅಳತೊಡಗಿದವು.

ಆಗ ಊರೂರು ಸುತ್ತಿದ್ದ ನರಿಯೊಂದು ಬೀಜದ ಗಂಟು ಹೊತ್ತು ಬಂತು. "ಇದು ಹುಳು ಮುಟ್ಟದ ರಾಗಿ! ಆದರೆ ಹಿಂದಿನ ವರ್ಷಗಳಿಂದ ನೀವು ಬಿತ್ತನೆಗೆ ತೆಗೆದಿಟ್ಟ ಹಳೆಯ ಬೀಜವನ್ನೆಲ್ಲ ಹಳ್ಳಕ್ಕೆ ಸುರಿಯಬೇಕು. ಈ ರಾಗಿಯಲ್ಲೂ ಬಿತ್ತನೆಗೆಂದು ಯಾರೂ ಒಂದು ಕಾಳು ತೆಗೆದಿಡಬಾರದು. ಪ್ರತಿ ವರ್ಷ ನನ್ನ ಹತ್ತಿರವೇ ಬರಬೇಕು. ಬೆಳೆಯಲ್ಲಿ ಅರ್ಧ ನನಗೆ" ಎಂದಿತು.

"ಮರಿಗಳು ಉಳಿದರೆ ಸಾಕಪ್ಪ" ಎಂದು ಮುಖಂಡ ಕರಡಿ ಒಪ್ಪಿಕೊಂಡಿತು.

ಮುದಿ ಮುಳ್ಳುಹಂದಿಯೊಂದು ಎದ್ದು ನಿಂತಿತು. "ನರಿಯಣ್ಣ, ಬೀಜ ಒಳ್ಳೆಯದೇ ಇರಬಹುದು. ಮೊದಲು ಒಂದು ತುಂಡು ನೆಲದಲ್ಲಿ ಬಿತ್ತಿ ನೋಡೋಣ. ಮಳೆ, ಬಿಸಿಲನ್ನು ಹೇಗೆ ತಡೆದುಕೊಳ್ಳುತ್ತದೋ ತಿಳಿಯಲಿ."

"ನೋಡುತ್ತಾ ಕೂತರೆ ಮರಿಗಳು ಬದುಕುತ್ತವೆಯೇ ಅಜ್ಜಿ?" ನರಿ ನಕ್ಕಿತು. ಉಳಿದ ಪ್ರಾಣಿಗಳೂ ನಕ್ಕವು.

ಮುಳ್ಳುಹಂದಿಗೆ ನೋವಾಯಿತು. ಆದರೂ ಜಗಳವಾಡಲಿಲ್ಲ. "ನನ್ನ ಪಾಲಿನ ನೆಲದಲ್ಲಿ ಹಳೆಯದನ್ನೇ ಬಿತ್ತುತ್ತೇನೆ" ಎಂದು ಎಲ್ಲರೆದುರೇ ಹೇಳಿತು. ಒಂದು ಚಿಕ್ಕ ಹೊಲ ತಾನೇ ಎಂದು ನರಿ ಅದನ್ನು ಬಿಟ್ಟುಬಿಟ್ಟಿತು. ಉಳಿದವರ ಹಳೆಯ ಬೀಜ ಹಳ್ಳದ ಪಾಲಾಯಿತು.

ಹೊಸ ರಾಗಿ ಸೊಂಪಾಗಿ ಬೆಳೆಯಿತು. ಹುಳು ಅತ್ತ ಸುಳಿಯಲೂ ಇಲ್ಲ. ಮುಳ್ಳುಹಂದಿಯ ಹೊಲಕ್ಕೆ ಮಾತ್ರ ಮತ್ತೆ ಹುಳು ಬಿತ್ತು. ಅದು ಬೇಸರಿಸದೆ ಒಂದೊಂದೇ ಹುಳು ಆರಿಸಿ ತೆಗೆಯಿತು. "ನರಿಯ ಬೀಜದ ಗುಣ ಮೆಚ್ಚಬೇಕಾದ್ದೇ" ಎಂದು ತಾನೇ ಹೊಗಳಿತು.

ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ಹೊಸ ರಾಗಿ ನಿಂತಲ್ಲೇ ಒಣಗಿತು. ಆ ಕಾಡಿನ ಬಿಸಿಲಿಗೆ ಪಳಗಿದ್ದ ಹಳೆಯ ರಾಗಿ ಮಾತ್ರ ಕಾಳು ಕಟ್ಟಿತು. ಮುಳ್ಳುಹಂದಿ ಅದನ್ನು ಮರಿಗಳಿಗೆಲ್ಲ ಹಂಚಿತು.

ಅರ್ಧ ಪಾಲು ಕೇಳೋಣವೆಂದರೆ ನರಿಯ ಬೀಜ ಬಿತ್ತಿದ ಯಾರ ಹೊಲದಲ್ಲೂ ಏನೂ ಉಳಿದಿರಲಿಲ್ಲ. ಹಸಿದ ನರಿ ಬಾಲ ಮುದುರಿಕೊಂಡು ಬಂತು. "ಅಜ್ಜಿ, ಒಂದು ಹಿಡಿ ರಾಗಿ..."

"ಇದನ್ನು ಕಾಡಿನಿಂದ ಓಡಿಸಿ!" ಎಂದು ಕರಡಿ ಗುಡುಗಿತು.

"ಬೇಡ ಕರಡಿಯಣ್ಣ" ಎಂದಿತು ಮುಳ್ಳುಹಂದಿ. "ತಪ್ಪು ಬೀಜದ್ದಲ್ಲ. ಎಲ್ಲರ ಬೀಜ ಒಬ್ಬರ ಮುಷ್ಟಿಗೆ ಹೋಯಿತಲ್ಲ, ಅದು ತಪ್ಪು. ನರಿಯಣ್ಣ, ಮೊದಲು ಊಟ ಮಾಡು. ಆಮೇಲೆ ಬಿತ್ತನೆಗೆಂದು ನೀನು ಉಳಿಸಿಕೊಂಡಿರುವ ಹೊಸ ಬೀಜ ತಾ. ಎರಡನ್ನೂ ಬಿತ್ತೋಣ. ಕಾಳು ಎಲ್ಲರೂ ತೆಗೆದಿಡೋಣ."

ನರಿ ತಲೆ ತಗ್ಗಿಸಿ ಬೀಜ ತಂದಿಟ್ಟಿತು. ಮುಂದಿನ ಮುಂಗಾರಿಗೆ ಎಲ್ಲರ ಜೊತೆ ತಾನೂ ಮಣ್ಣು ಕೆದರಿತು. ಎರಡೂ ರಾಗಿ ಅಕ್ಕಪಕ್ಕ ಬೆಳೆದವು. ಹಂಗಿಸಬಹುದಾಗಿದ್ದರೂ ಹಂಗಿಸದ ಮುಳ್ಳುಹಂದಿಯನ್ನು ಕಾಡೆಲ್ಲ ಕೊಂಡಾಡಿತು.

ನೀತಿ: ಹೊಸದನ್ನು ಪರೀಕ್ಷಿಸಿ ಒಪ್ಪಬೇಕು, ಹಳೆಯದನ್ನು ಕಾಪಾಡಿಕೊಳ್ಳಬೇಕು, ಎಲ್ಲರ ಅನ್ನದ ಬೀಜ ಒಬ್ಬರ ಕೈಯಲ್ಲಿ ಇರಬಾರದು.